ಸೇವ್ ಮಾಡದ ಒಂದು ಸಾಲು

ಇವತ್ತು ಆಸ್ಪತ್ರೆಯಲ್ಲಿ ಕರೆಂಟು ತೆಗೆಯುತ್ತಾರೆ ಎಂಬುದು ಬೆಳಿಗ್ಗೆ ಹಲ್ಲುಜ್ಜುವಾಗ ಅವನಿಗೆ ನೆನಪಾಯಿತು. ನೆನಪಾಯಿತು ಅಂದರೆ ಮರೆತಿದ್ದ ಎಂದಲ್ಲ. ಒಂದು ವಾರದಿಂದ ಅದೊಂದನ್ನು ಬಿಟ್ಟು ಬೇರೇನೂ ತಲೆಯಲ್ಲಿರಲಿಲ್ಲ. ಆದರೂ ಈಗ ತಾನೇ ಹೊಳೆದವನಂತೆ ಬೆಚ್ಚಿಬಿದ್ದು, ಬ್ರಶ್ಶನ್ನು ಬಾಯಲ್ಲೇ ಇಟ್ಟುಕೊಂಡು ಕನ್ನಡಿ ನೋಡಿದ. ಅಲ್ಲಿದ್ದ ಮುಖದಲ್ಲಿ ಅಪರಾಧಿಯ ಲಕ್ಷಣವೇನೂ ಕಾಣಲಿಲ್ಲ. ನೊರೆ ಮೆತ್ತಿಕೊಂಡ, ನಲವತ್ತು ದಾಟಿದ, ಯಾರಿಗೂ ಕೆಡುಕು ಬಯಸದ ಮುಖ. ಯಾರಿಗೂ ಕೆಡುಕು ಬಯಸದಿರುವುದು ಅವನ ದೊಡ್ಡ ಹೆಮ್ಮೆ. ಒಳ್ಳೆಯದನ್ನು ಮಾಡುವ ತಾಪತ್ರಯಕ್ಕೆ ಹೋಗದೆ ಒಳ್ಳೆಯವನಾಗಿ ಉಳಿಯುವ ವಿದ್ಯೆ ಅವನಿಗೆ ಚಿಕ್ಕಂದಿನಲ್ಲೇ ಕರಗತವಾಗಿತ್ತು. ಶಾಲೆಯ ಕಿಟಕಿಯ ಗಾಜು ಒಡೆದವರು ಯಾರು ಎಂದು ಮೇಷ್ಟ್ರು ಕೇಳಿದಾಗ ಕೈಯನ್ನು ಕಿವಿಯ ಮಟ್ಟದವರೆಗೆ ಮಾತ್ರ ಎತ್ತಿದ್ದ. ಮೇಷ್ಟ್ರು ನೋಡಿದರೆ ಒಪ್ಪಿಕೊಂಡಂತಾಯಿತು, ನೋಡದಿದ್ದರೆ ತಲೆ ಕೆರೆದುಕೊಂಡಂತಾಯಿತು. ಮೇಷ್ಟ್ರು ನೋಡಲಿಲ್ಲ, ಪಕ್ಕದವನಿಗೆ ಏಟು ಬಿತ್ತು. ಕೈ ಎತ್ತಿದ್ದು ದಂಡವಾಗಬಾರದೆಂದು ಇವನು ಸ್ವಲ್ಪ ಹೊತ್ತು ನಿಜವಾಗಿಯೂ ತಲೆ ಕೆರೆದುಕೊಂಡ.

ಹಿಂದಿನ ಕೋಣೆಯಲ್ಲಿ ಹೆಂಡತಿ ಬಟ್ಟೆ ಕೊಡವುವ ಸದ್ದು. ತನ್ನ ಅಮ್ಮನನ್ನು ಕರೆತಂದು ಇಟ್ಟುಕೊಳ್ಳೋಣವೇ ಎಂದು ಅವಳು ಕೇಳಿ ಒಂದು ವರ್ಷವಾಗುತ್ತ ಬಂದಿತ್ತು. ಇವನು ಬೇಡ ಅನ್ನಲಿಲ್ಲ, ಮಂಚ ತಂದು ಜೋಡಿಸಿದ. ಆಗಲಿ ಅಂತಲೂ ಅನ್ನಲಿಲ್ಲ, ಹಾಸಿಗೆ ತರಲಿಲ್ಲ. ಬರಿ ಹಲಗೆಯ ಮಂಚದ ಮೇಲೆ ಈಗ ಇಸ್ತ್ರಿಯಾಗಬೇಕಾದ ಬಟ್ಟೆ ಬೀಳುತ್ತಿತ್ತು. ಅವಳು ಬಚ್ಚಲ ಬಾಗಿಲಿಗೆ ಬಂದು, ಒಂದೋ ಹೂಂ ಅನ್ನಿ ಇಲ್ಲ ಊಹೂಂ ಅನ್ನಿ, ಅಮ್ಮನಿಗೆ ನಾನು ಏನಂತ ಹೇಳಲಿ ಎಂದಳು. ಅವನು ತನ್ನ ಬಾಯಿ ನೊರೆಯಿಂದ ತುಂಬಿರುವುದನ್ನು ಬೆರಳಿನಲ್ಲಿ ತೋರಿಸಿದ. ಅವಳು ಹೋಗುವವರೆಗೂ ಉಜ್ಜುತ್ತಲೇ ಇದ್ದ.

ಅವನ ಕೆಲಸವಂತೂ ಈ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ಆಸ್ಪತ್ರೆಯ ಕಂಪ್ಯೂಟರು, ಫೋನು, ಯಂತ್ರಗಳ ತಂತಿಗಳೆಲ್ಲ ಬಂದು ಸೇರುವುದು ಸ್ವಿಚ್ಚು ಎಂಬ ಕಬ್ಬಿಣದ ಪೆಟ್ಟಿಗೆಗೆ. ಮೊದಲ ಮಹಡಿಯ ಕಿರುಕೋಣೆಯ ಕಪಾಟಿನಲ್ಲಿ ಅಡ್ಡ ಮಲಗಿಕೊಂಡು, ಸಾಲು ತೂತುಗಳ ಮೇಲೆ ಹಸಿರು ದೀಪ ಮಿಟುಕಿಸುತ್ತ ಇರುತ್ತದೆ. ಯಾವ ತೂತು ತೆರೆದಿರಬೇಕು, ಯಾವುದು ಮುಚ್ಚಿರಬೇಕು, ಯಾವ ತಂತಿ ಯಾವ ವಾರ್ಡಿನದು ಎಂದು ಅದಕ್ಕೆ ಸಾಲುಸಾಲಾಗಿ ಬರೆದು ತಿಳಿಸುವವನು ಇವನು. ಪೆಟ್ಟಿಗೆಗೆ ಎರಡು ನೆನಪು. ಹೇಳಿದ್ದನ್ನು ಕೂಡಲೇ ಹಿಡಿದುಕೊಂಡು ಹಾಗೇ ನಡೆದುಕೊಳ್ಳುವ ನೆನಪು ಒಂದು, ಅದು ಕರೆಂಟು ಇರುವಷ್ಟು ಹೊತ್ತು ಮಾತ್ರ. ಕರೆಂಟು ಹೋಗಿ ಬಂದರೆ, ಎರಡನೆಯ ಗಟ್ಟಿ ನೆನಪಿನಲ್ಲಿ ಏನು ಬರೆದಿದೆಯೋ ಅದನ್ನಷ್ಟೇ ಓದಿಕೊಂಡು ಎದ್ದೇಳುತ್ತದೆ. ಮೊದಲನೆಯದನ್ನು ಎರಡನೆಯದಕ್ಕೆ ನಕಲು ಮಾಡುವುದಕ್ಕೇ ಸೇವ್ ಅನ್ನುವುದು. ಈ ಕಸುಬಿನವರು ಏನಾದರೂ ಬದಲಾಯಿಸಿದರೆ ತಕ್ಷಣ ಸೇವ್ ಮಾಡುವುದಿಲ್ಲ. ಎಡವಟ್ಟಾದರೆ ಪೆಟ್ಟಿಗೆಯನ್ನು ಆರಿಸಿ ಹಚ್ಚಿದರೆ ಸಾಕು, ಮಾಡಿದ್ದು ಮಾಡದೇ ಇದ್ದಂತಾಗುತ್ತದೆ ಎಂದು ತುಸು ಹೊತ್ತು ಕಾಯುತ್ತಾರೆ. ಉಳಿದವರಿಗೆ ಆ ತುಸು ಹೊತ್ತು ಅಂದರೆ ಒಂದು ಕಾಫಿ ಕುಡಿಯುವ ಹೊತ್ತು. ಇವನಿಗೆ ಈ ಸಲ ಅದು ನಾಲ್ಕು ತಿಂಗಳಾಗಿತ್ತು.

ಆಸ್ಪತ್ರೆಯ ಮುಂಭಾಗದ ಹಾಲಿನಲ್ಲಿ ಟೆಲಿಫೋನ್ ಅಕ್ಕ ತನ್ನ ಮೇಜಿನ ಹಿಂದೆ ಆಗಲೇ ಕೂತಿದ್ದಳು. ಹೊರಗಿನಿಂದ ಬಂದ ಕರೆಗಳನ್ನು ಒಳಗಿನವರಿಗೆ ಜೋಡಿಸುವುದು ಅವಳ ಕೆಲಸ. ಕೆಲಸವಾಗಿತ್ತು ಅನ್ನಬೇಕು. ಇವತ್ತು ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ನೀಟಾಗಿ ಬಾಚಿಕೊಂಡಿದ್ದಳು. ಮೇಜನ್ನು ಒರೆಸಿದ ಹಸಿ ಇನ್ನೂ ಆರಿರಲಿಲ್ಲ. ಒರೆಸಿದ ಮೇಜಿನ ಮೇಲೆ ಒರೆಸಿದ ಫೋನು, ಅದರ ಪುಟ್ಟ ಪರದೆ ನಾಲ್ಕು ತಿಂಗಳಿಂದ ಕಪ್ಪಗೆ. ಅವನನ್ನು ಕಂಡು ಅವಳು ಹುಬ್ಬು ಹಾರಿಸಿದಳು. ಇಬ್ಬರಿಗೇ ಗೊತ್ತಿರುವ ಗುಟ್ಟೊಂದು ಇವತ್ತು ಫಲ ಕೊಡುತ್ತದೆ ಎಂಬ ಹುಬ್ಬು ಅದು. ಅವನೂ ಹುಬ್ಬು ಹಾರಿಸಿದ. ಹುಬ್ಬು ಹಾರಿಸಿದ್ದಕ್ಕೆ ಸಾಕ್ಷಿ ಇರುವುದಿಲ್ಲವಲ್ಲ ಎಂದುಕೊಳ್ಳುತ್ತ ಮೆಟ್ಟಿಲು ಹತ್ತಿದ.

ಅವಳ ಜಾಗಕ್ಕೆ ಒಂದು ದನಿ ಬಂದಿತ್ತು. ಎಲ್ಲಿಯದೋ ಹೆಂಗಸಿನ, ಎಂದೂ ನೆಗಡಿಯಾಗದ, ಮೊದಲೇ ಹೇಳಿಸಿಟ್ಟ ದನಿ. ಹೆರಿಗೆಗೆ ಎರಡು ಒತ್ತಿ, ಮೂಳೆಗೆ ಮೂರು ಒತ್ತಿ, ಮತ್ತೆ ಕೇಳಬೇಕಾದರೆ ಒಂಬತ್ತು ಒತ್ತಿ ಎನ್ನುತ್ತಿತ್ತು. ಜನ ಒಂಬತ್ತನ್ನೇ ಒತ್ತುತ್ತಿದ್ದರು. ಆಡಳಿತಾಧಿಕಾರಿಗೆ ಆ ದನಿ ಬಹಳ ಹಿಡಿಸಿತ್ತು. ಕೆಟ್ಟ ಸುದ್ದಿ ಹೇಳುವಾಗಲೆಲ್ಲ ಹಲ್ಲು ಕಾಣುವಂತೆ ನಗುವ ಅಭ್ಯಾಸವಿದ್ದುದರಿಂದ ಅವರನ್ನು ಆಸ್ಪತ್ರೆಯಲ್ಲಿ ನಗೆಸಾಹೇಬರು ಎಂದು ಕರೆಯುತ್ತಿದ್ದರು. ನಾಲ್ಕು ತಿಂಗಳ ಹಿಂದೆ ಅವರು ಇವನನ್ನು ಕೋಣೆಗೆ ಕರೆಸಿ, ನಗುತ್ತ, ಮುಂಭಾಗದ ಫೋನಿನ ಲೈನನ್ನು ಇವತ್ತೇ ಮುಚ್ಚಿಬಿಡಿ, ಅಲ್ಲಿ ಕೂರುವ ಅಮ್ಮನವರಿಗೆ ನಾನೇ ನಿಧಾನವಾಗಿ ತಿಳಿಸುತ್ತೇನೆ ಎಂದರು. ಇವನು ಹೂಂ ಸರ್ ಎಂದ. ಮೇಲೆ ಹೋಗಿ ಒಂದೇ ಒಂದು ಸಾಲು ಬರೆದ. ಕೆಳಗೆ ಫೋನು ಕಣ್ಣು ಮುಚ್ಚಿತು. ಅದಕ್ಕೆ ಕರೆಂಟು ಸಿಗುವುದೂ ಆ ತಂತಿಯಿಂದಲೇ.

ನಗೆಸಾಹೇಬರ ನಿಧಾನ ಎಷ್ಟು ನಿಧಾನವಾಗಿತ್ತೆಂದರೆ, ಅಕ್ಕ ಏನೂ ತಿಳಿಯದೆ ಫೋನು ಕೆಟ್ಟಿದೆಯೆಂದು ರಿಪೇರಿಗೆ ಇವನನ್ನೇ ಕರೆಸಿದಳು. ಇವನು ಬಂದ. ಚೀಲದಲ್ಲಿ ಸಲಕರಣೆಗಳನ್ನೂ ತಂದ. ಮೇಜಿನ ಕೆಳಗೆ ತೂರಿಕೊಂಡು, ಏನೂ ಆಗಿಲ್ಲವೆಂದು ತನಗೆ ಗೊತ್ತಿದ್ದ ತಂತಿಯನ್ನು ಕಿತ್ತ, ಊದಿದ, ಮತ್ತೆ ಸಿಕ್ಕಿಸಿದ. ಕಣ್ಣೆದುರು ಅಕ್ಕನ ಚಪ್ಪಲಿಗಳಿದ್ದವು, ಒಂದರ ಪಟ್ಟಿಗೆ ಬೇರೆ ಬಣ್ಣದ ದಾರದ ಹೊಲಿಗೆ. ಮೇಲಿನಿಂದ ಅವಳ ಮಾತು ಕೇಳಿಸುತ್ತಿತ್ತು, ನಮ್ಮ ತಮ್ಮ ನೋಡ್ತಿದಾನೆ, ಈಗ ಸರಿಮಾಡಿಬಿಡ್ತಾನೆ ಎಂದು ಯಾರಿಗೋ ಹೇಳುತ್ತಿದ್ದಳು. ಅವನು ಕೆಲಸಕ್ಕೆ ಸೇರಿದ ಹೊಸತರಲ್ಲಿ ತಪ್ಪು ತೂತಿಗೆ ತಪ್ಪು ತಂತಿ ಸಿಕ್ಕಿಸಿ ಇಡೀ ಆಸ್ಪತ್ರೆಯನ್ನು ಮೂಕ ಮಾಡಿದ್ದಾಗ, ಕೇಳಿದವರಿಗೆಲ್ಲ ಹೊರಗಿನ ಲೈನಿನದ್ದೇ ತೊಂದರೆ ಎಂದು ಮುಖ ಕೊಟ್ಟು ಹೇಳಿ ಇವನನ್ನು ಉಳಿಸಿದವಳು ಅವಳು. ಮೇಜಿನ ಕೆಳಗೆ ಅವನಿಗೆ ಅಳು ಬಂತು. ಅಳು ಬಂದದ್ದು ತಾನು ಒಳ್ಳೆಯವನೆಂಬುದಕ್ಕೆ ಗುರುತು ಎಂದು ಸಮಾಧಾನವೂ ಆಯಿತು. ತೆವಳಿಕೊಂಡು ಹೊರಬಂದು ಮೆಲ್ಲಗೆ ಹೇಳಿದ:

"ಅಕ್ಕ, ಮೇಲಿನವರು ಮುಚ್ಚು ಅಂದ್ರು, ಮುಚ್ಚಿದೀನಿ. ಆದ್ರೆ ಸೇವ್ ಮಾಡಿಲ್ಲ. ಒಂದ್ಸಲ ಕರೆಂಟ್ ಹೋಗಿ ಬಂದ್ರೆ ನಿಮ್ಮ ಫೋನ್ ತಾನಾಗೇ ಬಂದ್ಬಿಡುತ್ತೆ. ಯಾರಿಗೂ ಹೇಳ್ಬೇಡಿ."

ಅವಳು ಅವನ ಮೊಣಕಾಲಿನ ಧೂಳು ತಟ್ಟಿದಳು. ಒಂದೇ ಸಾಲಿನಲ್ಲಿ ಸಾಹೇಬರ ಮಾತನ್ನೂ ನಡೆಸಿಕೊಟ್ಟು ಅಕ್ಕನ ಮನಸ್ಸನ್ನೂ ಉಳಿಸಿಕೊಂಡ ತನ್ನ ಜಾಣ್ಮೆಗೆ ಅವನಿಗೇ ಬೆರಗಾಯಿತು. ಅಂದಿನಿಂದ ಅಕ್ಕ ಕರೆಂಟು ಹೋಗುವುದನ್ನು ಕಾಯುತ್ತ ಕೂತಳು. ಕರೆಂಟು ಹೋಗಲೇಬಾರದೆಂದು ಬ್ಯಾಟರಿ, ಜನರೇಟರು, ಅದು ಕೈಕೊಟ್ಟರೆ ಇನ್ನೊಂದು ಜನರೇಟರು ಇಟ್ಟು ಕಟ್ಟಿದ ಕಟ್ಟಡದಲ್ಲಿ ಕೂತು ಕಾದಳು. ಊರಿಗೆಲ್ಲ ಕರೆಂಟು ಹೋದ ದಿನವೂ ಕಪಾಟಿನ ಪೆಟ್ಟಿಗೆಗೆ ಅದರ ಸುದ್ದಿ ಮುಟ್ಟಲಿಲ್ಲ.

ಹೀಗೇ ಇದ್ದುಬಿಟ್ಟಿದ್ದರೆ ಅದೊಂದು ಸುಖವಾದ ಏರ್ಪಾಡೇ. ಆದರೆ ಪೆಟ್ಟಿಗೆಯ ಸೇವ್‌ನಲ್ಲಿ ಇದು ಬೇಕು, ಇದು ಬೇಡ ಎಂದು ಆರಿಸುವ ಸೌಕರ್ಯವಿಲ್ಲ. ನಕಲು ಮಾಡಿದರೆ ಎಲ್ಲವೂ ನಕಲಾಗುತ್ತದೆ. ಅಕ್ಕನ ಆ ಒಂದು ಸಾಲು ಗಟ್ಟಿಯಾಗಬಾರದೆಂದು ಅವನು ಆಮೇಲೆ ಬರೆದ ಯಾವ ಸಾಲನ್ನೂ ಸೇವ್ ಮಾಡಲಿಲ್ಲ. ಮೂತ್ರಪಿಂಡದ ವಾರ್ಡಿಗೆ ಹೊಸ ಯಂತ್ರಗಳು ಬಂದವು, ರಕ್ತ ಪರೀಕ್ಷೆಯ ಕೋಣೆ ಹಿಂದಿನ ಕಟ್ಟಡಕ್ಕೆ ಹೋಯಿತು, ಔಷಧದಂಗಡಿ ಎರಡಾಯಿತು. ಎಲ್ಲವನ್ನೂ ಬರೆದ, ಎಲ್ಲವೂ ನಡೆಯುತ್ತಿತ್ತು, ಎಲ್ಲವೂ ಮರೆತುಹೋಗುವ ನೆನಪಿನಲ್ಲೇ ನಡೆಯುತ್ತಿತ್ತು. ಅಕ್ಕನ ಲೈನನ್ನು ತೆರೆಯಲು ಒಂದೇ ಸಾಲು ಸಾಕು ಎಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಹಾಗೆ ತೆರೆದರೆ ತೆರೆದವರ ಹೆಸರು ಪೆಟ್ಟಿಗೆಯಲ್ಲಿ ದಾಖಲಾಗುತ್ತದೆ. ಕರೆಂಟಿಗೆ ಹೆಸರಿಲ್ಲ. ಅದು ಹೋಗಿ ಬಂದು ಒಬ್ಬಳಿಗೆ ಕರುಣೆ ತೋರಿಸಿದರೆ ಯಾರನ್ನು ಕರೆದು ಕೇಳುತ್ತಾರೆ?

ಇತ್ತ ನಗೆಸಾಹೇಬರು ಅಕ್ಕನಿಗೆ ನೆಲಮಾಳಿಗೆಯ ಬಟ್ಟೆ ಉಗ್ರಾಣದಲ್ಲಿ ಕೆಲಸ ಕೊಟ್ಟಿದ್ದರು. ಹಾಸಿಗೆ ಹೊದಿಕೆ ಎಣಿಸಿ ಕೊಟ್ಟು ತೆಗೆದುಕೊಳ್ಳುವುದು. ಬ್ಲೀಚಿನ ವಾಸನೆಗೆ ತನಗೆ ಕೆಮ್ಮು ಬರುತ್ತದೆ ಎಂದು ಅವಳು ಹಿಂದೇಟು ಹಾಕಿದಾಗ, ತಿಂಗಳ ಕೊನೆಯ ದಿನ ಕಚೇರಿ ಮುಚ್ಚುವುದರೊಳಗೆ ಒಪ್ಪಿಗೆ ಹೇಳಿ, ಇಲ್ಲದಿದ್ದರೆ ಮಾರನೆಯ ದಿನದಿಂದ ಬರುವುದು ಬೇಡ ಎಂದು ನಕ್ಕಿದ್ದರು. ದನಿಯ ಕಾಟ ತಡೆಯಲಾರದೆ ಡಾಕ್ಟರುಗಳೇ ಹೋಗಿ ಅಕ್ಕನನ್ನು ಉಳಿಸಿಕೊಳ್ಳಿ ಎಂದು ಕೇಳಿದ್ದಕ್ಕೂ ನಗು. ನನಗೇನು ಅಭ್ಯಂತರ, ಫೋನು ನಡೆಯುತ್ತಿದ್ದರೆ ಅವರು ಅಲ್ಲೇ ಇರಲಿ, ಲೈನೇ ಸತ್ತುಹೋಗಿದೆಯಲ್ಲ ಎಂದಿದ್ದರು. ಆ ಮಾತು ಅಕ್ಕನಿಗೆ ಮುಟ್ಟಿತ್ತು. ಹಾಗಾಗಿ ಇವತ್ತು, ಆ ಕೊನೆಯ ದಿನ, ಕಪಾಟಿನ ಹಳೆಯ ಬ್ಯಾಟರಿ ಬದಲಾಯಿಸಲು ಎಲೆಕ್ಟ್ರಿಷಿಯನ್ ಪೆಟ್ಟಿಗೆಯ ಕರೆಂಟು ತೆಗೆಯುತ್ತಾನೆಂದು ತಿಳಿದಾಗ ಅವಳು ತಲೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದಳು.

ಊಟದ ಹೊತ್ತಾದ ಮೇಲೆ ನಗೆಸಾಹೇಬರ ಫೋನು ಬಂತು. ಕರೆಂಟು ತೆಗೆಯುವ ಮೊದಲು ಎಲ್ಲ ಸೇವ್ ಆಗಿದೆಯಲ್ಲ ಎಂದು ಕೇಳಿದರು. ನಗುತ್ತಿರಲಿಲ್ಲ, ಅಂದರೆ ನಿಜಕ್ಕೂ ತಿಳಿಯಬೇಕಾಗಿತ್ತು. ಹೂಂ ಸರ್ ಎಂದ. ಫೋನು ಇಟ್ಟ ಮೇಲೆ ಕಿರುಕೋಣೆಯ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಪೆಟ್ಟಿಗೆಯ ಫ್ಯಾನು ಕಿವಿಯ ಪಕ್ಕದಲ್ಲೇ ಮೊರೆಯುತ್ತಿತ್ತು. ಸೇವ್ ಮಾಡದಿದ್ದರೆ ಅಕ್ಕನ ಫೋನು ಬರುತ್ತದೆ, ಮೂತ್ರಪಿಂಡದ ವಾರ್ಡು ಹೋಗುತ್ತದೆ. ಅಲ್ಲಿ ಯಂತ್ರಕ್ಕೆ ಕೈಕೊಟ್ಟು ಮಲಗಿದವರ ಮುಖಗಳು ನೆನಪಾದವು. ಆ ಮುಖಗಳು ನೆನಪಾದದ್ದು ಅವನಿಗೆ ಬಹಳ ಅನುಕೂಲವಾಯಿತು. ರೋಗಿಗಳ ಪ್ರಾಣದ ಮುಂದೆ ಒಂದು ಫೋನು ಯಾವ ಲೆಕ್ಕ ಎಂದುಕೊಂಡ. ಮನಸ್ಸು ಅಲ್ಲಿಗೆ ಸುಮ್ಮನಾಗಬೇಕಿತ್ತು, ಆಗಲಿಲ್ಲ. ಮೊದಲು ಅಕ್ಕನ ಲೈನು ತೆರೆ, ಆಮೇಲೆ ಸೇವ್ ಮಾಡು, ಎರಡೂ ಉಳಿಯುತ್ತವೆ ಎಂದು ಒಳಗಿನಿಂದ ಯಾರೋ ಹೇಳಿದರು. ಹೇಳಿದವರು ಬೇರೆ ಯಾರೂ ಅಲ್ಲ, ಹದಿನೈದು ವರ್ಷ ಇದೇ ಕೆಲಸ ಮಾಡಿ ಪಳಗಿದ ಅವನ ಬೆರಳುಗಳು. ಬೆರಳುಗಳು ಆ ಸಾಲನ್ನು ಬರೆದೂ ಬಿಟ್ಟವು. ಎಂಟರ್ ಒತ್ತುವುದೊಂದು ಬಾಕಿ. ಕರ್ಸರು ಮಿಟುಕುತ್ತ ಕಾಯುತ್ತಿತ್ತು. ತೆರೆದದ್ದು ಯಾರು ಎಂದು ಸಾಹೇಬರು ಕೇಳುತ್ತಾರೆ, ನಗುತ್ತ ಕೇಳುತ್ತಾರೆ. ಆಗ ಕೈಯನ್ನು ಎಲ್ಲಿಯವರೆಗೆ ಎತ್ತುವುದು? ಅವನು ಒಂದೊಂದೇ ಅಕ್ಷರ ಅಳಿಸಿದ.

ಕಾಪಿ ರನ್ನಿಂಗ್ ಸ್ಟಾರ್ಟಪ್ ಎಂದು ಸೇವ್ ಮಾಡುವ ಸಾಲನ್ನು ಬರೆದ. ಈ ಹೆಸರಿನ ಫೈಲಿಗೇ ನಕಲು ಮಾಡಲೇ ಎಂದು ಪೆಟ್ಟಿಗೆ ಕೇಳಿತು. ಹಾಗೆ ಒಮ್ಮೆ ಕೇಳುವುದು ಅದರ ಮರ್ಯಾದೆ. ಎಂಟರ್ ಒತ್ತಿದ. ನಾಲ್ಕು ತಿಂಗಳು ಕಟ್ಟಿಕೊಂಡಿದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಗಟ್ಟಿಯಾಗಿ, ಓಕೆ ಎಂದು ಮೂಡಿತು. ನಿಯಮದ ಪ್ರಕಾರ ಆ ಫೈಲಿನ ಇನ್ನೊಂದು ನಕಲನ್ನು ಬೇರೆ ಕಟ್ಟಡದ ಕಂಪ್ಯೂಟರಿಗೂ ಕಳಿಸಿದ. ಕಟ್ಟಡವೇ ಸುಟ್ಟುಹೋದರೂ ಅಕ್ಕನ ಫೋನು ಮುಚ್ಚಿಯೇ ಇರುವಂತೆ ಇಷ್ಟು ಅಚ್ಚುಕಟ್ಟಾಗಿ ಕೆಲಸ ಮುಗಿಸಿದ ಮೇಲೆ ಅವನಿಗೆ ಮೈ ಹಗುರಾಯಿತು. ಇನ್ನೇನು, ಅಕ್ಕನಿಗೆ ಹೇಳಿಬಿಡುವುದು. ಕಚೇರಿ ಮುಚ್ಚಲು ಇನ್ನೂ ಹೊತ್ತಿತ್ತು. ಫೋನು ಬರುವುದಿಲ್ಲ, ಹೋಗಿ ಉಗ್ರಾಣಕ್ಕೆ ಒಪ್ಪಿಕೊಳ್ಳಿ ಎಂದರೆ ಸಾಕು, ಅವಳ ಅನ್ನ ಉಳಿಯುತ್ತದೆ. ಮೆಟ್ಟಿಲಿಳಿಯುತ್ತ ಆ ಮಾತನ್ನೇ ಬಾಯಿಪಾಠ ಮಾಡಿಕೊಂಡ. ಮಧ್ಯದ ಮೆಟ್ಟಿಲಲ್ಲಿ ನಿಂತು, ತೆರೆಯೋಣ ಅಂತಲೇ ಇದ್ದೆ ಅಕ್ಕ, ಆದರೆ ರೋಗಿಗಳು ಎಂದು ಸ್ವಲ್ಪ ಸೇರಿಸಿದ.

ಹಾಲಿನಲ್ಲಿ ಅಕ್ಕನ ಮೇಜಿನ ಮುಂದೆ ಒಂದು ಪುಟ್ಟ ಸಾಲೇ ಇತ್ತು. ಫೋನು ಸತ್ತರೂ ಬಾಯಿ ಸತ್ತಿರಲಿಲ್ಲವಲ್ಲ, ಎಕ್ಸ್‌ರೇ ಎಲ್ಲಿ, ಯಾವ ಡಾಕ್ಟರು ಇವತ್ತು ಬರುವುದಿಲ್ಲ, ಬಾಣಂತಿಯನ್ನು ನೋಡಲು ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂದು ಜನ ಕೇಳುತ್ತಿದ್ದರು, ಅವಳು ಹೇಳುತ್ತಿದ್ದಳು. ಅವನು ಪಕ್ಕದಲ್ಲಿ ನಿಂತ. ಅವಳು ಜನರ ಕಡೆ ಕಣ್ಣಿಟ್ಟೇ ದನಿ ತಗ್ಗಿಸಿ ಕೇಳಿದಳು:

"ತಮ್ಮಾ, ಎಲೆಕ್ಟ್ರಿಷಿಯನ್ ಇನ್ನೂ ಬಂದಿಲ್ಲ. ಹೊತ್ತಾಗ್ತಾ ಇದೆ. ಹೋಗಿ ಉಗ್ರಾಣಕ್ಕೆ ಹೂಂ ಅಂದ್ಬಿಡ್ಲಾ? ನೀನೊಂದು ಮಾತು ಹೇಳು, ಅದರಂತೆ ಮಾಡ್ತೀನಿ."

ಎಷ್ಟು ಸುಲಭ ಮಾಡಿಕೊಟ್ಟಿದ್ದಳು! ಹೂಂ ಅಂದರೆ ಮುಗಿಯುತ್ತಿತ್ತು. ಬಾಯಿಪಾಠ ಮಾಡಿದ್ದ ಮಾತಿನ ಅಗತ್ಯವೂ ಇರಲಿಲ್ಲ. ಆದರೆ ಹೂಂ ಅಂದರೆ, ಯಾಕೆ, ಫೋನ್ ಬರಲ್ವಾ ಎಂದು ಅವಳು ಮುಖ ತಿರುಗಿಸಿ ನೋಡುತ್ತಾಳೆ. ಆ ನೋಟದ ಎದುರು ನಿಲ್ಲುವುದು ತನ್ನಿಂದಾಗದು ಎಂದು ಅವನಿಗೆ ಅನ್ನಿಸಿತು. ಕೆಮ್ಮಿದ. ಟೀ ಕುಡಿದಿರಾ ಎಂದು ಕೇಳಿದ. ಕುಡಿಯಲಿಲ್ಲ ಎಂದಳು. ತಾನು ತಂದುಕೊಡುತ್ತೇನೆ ಎಂದ. ಅವಳು ಇನ್ನೂ ಕಾಯುತ್ತಲೇ ಇದ್ದುದನ್ನು ನೋಡಿ, "ನೋಡೋಣ ಅಕ್ಕ, ಇನ್ನೇನು ಕರೆಂಟ್ ತೆಗೀತಾರಲ್ಲ" ಎಂದ. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಅವಳ ಮುಖ ಅರಳಿತು. ಅದೇ ಅವಳಿಗೆ ಬೇಕಾದ ಮಾತಾಗಿತ್ತು. ಅವನು ಟೀ ತಂದುಕೊಟ್ಟ. ಸಕ್ಕರೆ ಕಡಿಮೆ ಎಂದು ಅವಳು ಹೇಳಿದ್ದಕ್ಕೆ ಓಡಿಹೋಗಿ ಸಕ್ಕರೆಯನ್ನೂ ತಂದ. ಅಷ್ಟು ಚುರುಕಾಗಿ ಅವನು ಯಾರಿಗೂ ಸೇವೆ ಮಾಡಿದವನಲ್ಲ, ಮನೆಯಲ್ಲಂತೂ ಇಲ್ಲವೇ ಇಲ್ಲ.

ಎಲೆಕ್ಟ್ರಿಷಿಯನ್ ಬಂದಾಗ ಕಚೇರಿಯ ಗುಮಾಸ್ತ ಕಿಟಕಿಯ ಬಾಗಿಲು ಎಳೆದುಕೊಳ್ಳುತ್ತಿದ್ದ. ಅಕ್ಕ ಅದನ್ನು ಕೂತಲ್ಲಿಂದಲೇ ನೋಡಿದಳು, ಏಳಲಿಲ್ಲ. ನಗೆಸಾಹೇಬರು ಚೀಲ ಹಿಡಿದು ಹಾಲಿನಲ್ಲಿ ಹಾದುಹೋಗುವಾಗ ಅವಳ ಕಡೆ ನೋಡಿ ನಕ್ಕರು. ಇವನು ಕಿರುಕೋಣೆಯಲ್ಲಿ ಎಲೆಕ್ಟ್ರಿಷಿಯನ್ನನ ಪಕ್ಕ ನಿಂತು ಟಾರ್ಚು ಹಿಡಿದ. ಕರೆಂಟು ತೆಗೆದಾಗ ಫ್ಯಾನು ನಿಂತು, ಆ ಕೋಣೆಯಲ್ಲಿ ಅವನು ಎಂದೂ ಕೇಳಿರದ ನಿಶ್ಶಬ್ದ ಕೇಳಿಸಿತು. ಪೆಟ್ಟಿಗೆ ಏನೂ ನೆನಪಿಲ್ಲದೆ ತಣ್ಣಗೆ ಕೂತಿತ್ತು. ಹಾಗೆ ಎಲ್ಲ ಮರೆತು ಕೂರುವ ಭಾಗ್ಯ ಎಂದು ಅಸೂಯೆಪಟ್ಟ. ಎಲೆಕ್ಟ್ರಿಷಿಯನ್ ಟಾರ್ಚನ್ನು ಬ್ಯಾಟರಿಯ ಕಡೆ ಹಿಡಿಯಿರಿ ಸ್ವಾಮಿ, ಗೋಡೆಯ ಕಡೆ ಅಲ್ಲ ಎಂದು ಗದರಿದ. ಹೊಸ ಬ್ಯಾಟರಿ ಕೂತು ಕರೆಂಟು ಬಂದಿತು, ಪೆಟ್ಟಿಗೆ ಗಟ್ಟಿ ನೆನಪನ್ನು ಓದಿಕೊಳ್ಳತೊಡಗಿತು. ದೀಪಗಳು ಕಿತ್ತಳೆಯಾಗಿ, ಒಂದೊಂದಾಗಿ ಹಸಿರಾದವು. ಒಂದು ತೂತಿನ ದೀಪ ಮಾತ್ರ ಹತ್ತಲಿಲ್ಲ. ಹತ್ತುವುದಿಲ್ಲವೆಂದು ಅವನೊಬ್ಬನಿಗೇ ಗೊತ್ತಿತ್ತು. ಆದರೂ, ಯಾಕೋ, ಹತ್ತೀತೇನೋ ಎಂದು ಬಗ್ಗಿ ನೋಡಿದ.

ಅಲ್ಲೇ ಇದ್ದುಬಿಡಬಹುದಿತ್ತು, ಹಿಂದಿನ ಬಾಗಿಲಿನಿಂದ ಮನೆಗೂ ಹೋಗಬಹುದಿತ್ತು. ಕಾಲು ಕೆಳಗೆ ಕರೆದುಕೊಂಡು ಹೋಯಿತು. ತಾನು ಬಂದಿದ್ದೆನೆಂಬುದಾದರೂ ಆಗಲಿ ಎಂದು ಕಂಬವೊಂದರ ಪಕ್ಕ ಅರ್ಧ ಮರೆಯಾಗಿ ನಿಂತ. ಎಕ್ಸ್‌ರೇ ಕೌಂಟರಿನ ಫೋನು ಹೊತ್ತಿಕೊಂಡಿತು. ಔಷಧದಂಗಡಿಯ ಫೋನು ಹೊತ್ತಿಕೊಂಡು ಕೂಡಲೇ ಬಡಿದುಕೊಳ್ಳತೊಡಗಿತು. ಸಂಜೆ ರೋಗಿಗಳನ್ನು ನೋಡಲು ಬಂದವರು ಅಕ್ಕನ ಮುಂದೆ ಸಾಲು ನಿಂತಿದ್ದರು. ಅವಳು ಅವರಿಗೆ ಒಂದು ನಿಮಿಷ ಎಂದು ಕೈ ತೋರಿಸಿ, ಕಪ್ಪು ಪರದೆಯನ್ನು ನೋಡುತ್ತ ಕೂತಳು. ಸೆರಗಿನ ಅಂಚಿನಿಂದ ಅದನ್ನು ಒರೆಸಿದಳು. ಮತ್ತೆ ನೋಡಿದಳು. ಸುತ್ತಲಿನ ಫೋನುಗಳೆಲ್ಲ ಬೆಳಗುತ್ತಿದ್ದುದನ್ನು ನಿಧಾನವಾಗಿ ಒಂದೊಂದನ್ನೇ ಕಣ್ಣಲ್ಲಿ ಮುಟ್ಟಿ, ಕೊನೆಗೆ ಕಂಬದ ಪಕ್ಕ ಅವನನ್ನು ಕಂಡಳು. ಅವಳಿಗೆ ಎಲ್ಲವೂ ತಿಳಿಯಿತು ಎಂದು ಅವನಿಗೆ ತಿಳಿಯಿತು. ಬೈದರೆ ಸಾಕಿತ್ತು. ಬೈಯಲಿ ಎಂದು ಅವನು ಮನಸಾರೆ ಹಾರೈಸಿದ.

ಅವಳು ರಿಸೀವರು ಎತ್ತಿ ಕಿವಿಗಿಟ್ಟುಕೊಂಡಳು. ನೆಟ್ಟಗೆ ಕೂತು, ನಾಲ್ಕು ತಿಂಗಳಿಂದ ಯಾರೂ ಕೇಳದ ತನ್ನ ಕೆಲಸದ ದನಿಯಲ್ಲಿ, ನಮಸ್ಕಾರ, ಆಸ್ಪತ್ರೆ, ಯಾರು ಬೇಕಿತ್ತು ಎಂದಳು. ಕೇಳಿಸಿಕೊಂಡಳು. ಇದಾರೆ, ಇಲ್ಲೇ ನಿಂತಿದಾರೆ, ಕೊಡ್ತೀನಿ ಎಂದಳು. ಆಮೇಲೆ ರಿಸೀವರನ್ನು ಅವನ ಕಡೆ ಚಾಚಿದಳು.

"ಬಾ ತಮ್ಮಾ. ನಿನಗೇ."

ಸಾಲಿನಲ್ಲಿದ್ದವರು ತಿರುಗಿ ನೋಡಿ ದಾರಿ ಬಿಟ್ಟರು. ಅವನು ಬಂದ. ರಿಸೀವರು ಹಿಡಿದು ಕಿವಿಗಿಟ್ಟುಕೊಂಡ. ಒಳಗೆ ಏನೂ ಇರಲಿಲ್ಲ, ಲೈನು ಇದ್ದಾಗ ಬರುವ ಗುಂಯ್ ಎಂಬ ಸದ್ದು ಕೂಡ. ಪ್ಲಾಸ್ಟಿಕ್ಕು ಅವಳ ಕಿವಿಯಿಂದ ಬೆಚ್ಚಗಿತ್ತು. ಹಲೋ ಎಂದ. ಅವಳು ಕಣ್ಣು ತೆಗೆಯದೆ ನೋಡುತ್ತಿದ್ದುದರಿಂದ, ಹೂಂ ಸರ್, ಹೇಳಿ ಸರ್ ಎಂದ. ಅಷ್ಟರಲ್ಲಿ ಅವಳು ಮೇಜಿನ ಒಳಗಿನಿಂದ ತನ್ನ ಬಾಚಣಿಗೆ, ನೀರಿನ ಬಾಟಲಿ, ಕನ್ನಡಕದ ಡಬ್ಬಿ ತೆಗೆದು ಚೀಲಕ್ಕೆ ಹಾಕಿಕೊಂಡು ಎದ್ದು ನಿಂತಿದ್ದಳು.

"ಏನಂತೆ?" ಎಂದಳು.

ಈಗಲಾದರೂ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

"ಆಮೇಲೆ ಮಾಡ್ತಾರಂತೆ ಅಕ್ಕ" ಎಂದ.

ಅವಳು ಸರಿ ಎಂಬಂತೆ ತಲೆಯಾಡಿಸಿದಳು. ಕುರ್ಚಿಯನ್ನು ಮೇಜಿನ ಒಳಕ್ಕೆ ತಳ್ಳಿ, ಚೀಲವನ್ನು ಹೆಗಲಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ದೊಡ್ಡ ಬಾಗಿಲಿನಿಂದ ಹೊರಗೆ ಹೋದಳು. ಅವನು ರಿಸೀವರನ್ನು ಕಿವಿಯಿಂದ ತೆಗೆಯಲಿಲ್ಲ. ತೆಗೆದರೆ ಮುಂದೆ ಏನು ಮಾಡುವುದೆಂದು ಗೊತ್ತಾಗಲಿಲ್ಲ. ಸಾಲಿನಲ್ಲಿದ್ದವರು ಅವನ ಮಾತು ಮುಗಿಯಲಿ ಎಂದು ಮರ್ಯಾದೆಯಿಂದ ಕಾಯುತ್ತಿದ್ದರು.